ಒದ್ದೆ ಅಂದವರು ಯಾರು?

ನೋಲೀನಳ ಬಾಯಿಗೆ ಹೆದರದವರು ಬಾಲ್ರಾನಾಲ್ಡ್ ಪೇಟೆಯ ಸುತ್ತಮುತ್ತ ಕುರಿಯ ಉಣ್ಣೆ ತೆಗೆಯುವ ಯಾವ ಶೆಡ್ಡಿನಲ್ಲೂ ಇರಲಿಲ್ಲ. ಐವತ್ತು ದಾಟಿತ್ತು, ಸೊಂಟಕ್ಕೆ ಪಟ್ಟಿ ಬಿಗಿಯದೆ ಬಗ್ಗಲು ಆಗುತ್ತಿರಲಿಲ್ಲ, ಆದರೆ ಬಾಯಿಗೆ ಮಾತ್ರ ವಯಸ್ಸಾಗಿರಲಿಲ್ಲ. ಕಾಲು ಝಾಡಿಸುವ ಕುರಿ ಅವಳಿಗೆ ಮುಂಡೆ. ಅದು ಎರಡು ಸುತ್ತು ಕೊಂಬಿನ ಟಗರಾದರೂ ಮುಂಡೆಯೇ. ಕೆಟ್ಟು ನಿಂತ ಮೆಷಿನ್ನು ಬಜಾರಿ. ನಿಧಾನಕ್ಕೆ ಉಣ್ಣೆ ಕತ್ತರಿಸುವ ಗಂಡಸು ಹೆಣ್ಣಿಗ, ಮೈಕೈ ನೋವೆಂದವನು ಬಾಣಂತಿ, ಚಹಾದ ಗಂಟೆಗೆ ಮೊದಲೇ ಬೆನ್ನು ನೆಟ್ಟಗೆ ಮಾಡಿದವನು ಅಜ್ಜಿ. ಹೀಗೆ ಬಸುರಿ ಬಾಣಂತಿಯಿಂದ ಹಿಡಿದು ಮುದುಕಿಯವರೆಗೆ ಇಡೀ ಹೆಣ್ಣುಕುಲವನ್ನು ಆ ಶೆಡ್ಡಿನ ಗಂಡಸರಿಗೆ ಹಂಚಿಬಿಟ್ಟಿದ್ದಳು.

ಮೇಸ್ತ್ರಿ ಡೆಸ್ಸನ ತಂಡದಲ್ಲಿ ಉಣ್ಣೆ ಕತ್ತರಿಸುವವರು ಏಳು ಜನ, ಎಲ್ಲರಿಗಿಂತ ಚುರುಕು ಲೈಲ್. ಒಂದು ಶೆಡ್ಡು ಮುಗಿದರೆ ಇನ್ನೊಂದು, ವರ್ಷದ ಮುಕ್ಕಾಲು ಪಾಲು ಹೀಗೇ ಬಯಲಿನಿಂದ ಬಯಲಿಗೆ ತಿರುಗಾಟ. ಇಪ್ಪತ್ತು ವರ್ಷಗಳಿಂದ ಅದರಲ್ಲಿ ಹೆಂಗಸೆಂದರೆ ನೋಲೀನ್ ಒಬ್ಬಳೇ. ಹೋದ ವರ್ಷ ಅವಳ ತಮ್ಮನ ಮಗಳು ಬ್ರೋಡಿ ಬಂದು ಪಕ್ಕದ ಜಾಗದಲ್ಲಿ ನಿಂತಳು. ಹುಡುಗಿ ಇಪ್ಪತ್ತರವಳು, ಕೈ ಚುರುಕು, ಮಾತು ಕಡಿಮೆ. ತನ್ನ ಬಾಯಿ ಇವಳಿಗೆ ಬರಲಿಲ್ಲವಲ್ಲ ಎಂದು ಅತ್ತೆಗೆ ಚಿಂತೆ.

ಈ ಕಸುಬಿನಲ್ಲಿ ಒಂದು ಹಳೆಯ ಕಟ್ಟಳೆಯಿದೆ. ಮಳೆ ಬಿದ್ದು ಕುರಿ ನೆನೆದಿದೆಯೆಂಬ ಅನುಮಾನ ಬಂದರೆ ಪ್ರತಿಯೊಬ್ಬರೂ ಎರಡು ಕುರಿಯ ಉಣ್ಣೆ ಕತ್ತರಿಸಿ ನೋಡಬೇಕು. ಆಮೇಲೆ ಚೀಟಿಯಲ್ಲಿ ‘ಒದ್ದೆ’ ಎಂದೋ ‘ಒಣಗಿದೆ’ ಎಂದೋ ಬರೆದು ಹಾಕಬೇಕು. ಹೆಚ್ಚು ಜನ ಒದ್ದೆ ಎಂದರೆ ಕುರಿ ಒಣಗುವವರೆಗೆ ಮೆಷಿನ್ನು ಬಂದ್, ಮೇಸ್ತ್ರಿಯಾಗಲಿ ಜಮೀನಿನ ಯಜಮಾನನಾಗಲಿ ತುಟಿ ಬಿಚ್ಚುವಂತಿಲ್ಲ. ಒದ್ದೆ ಕುರಿಯನ್ನು ತೊಡೆಗೆ ಆನಿಸಿಕೊಂಡು ದಿನವಿಡೀ ಕತ್ತರಿಸಿದವರಿಗೆ ಜ್ವರ ಬರುತ್ತದೆ, ಕೈಮೇಲೆ ಕುರು ಏಳುತ್ತವೆ, ಮಂಡಿ ಹಿಡಿಯುತ್ತದೆ. ಹಿಂದಿನವರು ಜಗಳವಾಡಿ ಸಂಪಾದಿಸಿಕೊಂಡ ಹಕ್ಕು ಅದು. ಚೀಟಿ ಗುಟ್ಟಾಗಿರಬೇಕು ಎಂದು ಮಾಡಿದ್ದೂ ಯಾರೂ ಯಾರಿಗೂ ಅಂಜಬಾರದೆಂದೇ.

ಡೆಸ್ಸನ ತಂಡದಲ್ಲಿ ಮಾತ್ರ ಆ ಕಟ್ಟಳೆಗೆ ಒಂದು ಬಾಲ ಬೆಳೆದಿತ್ತು. ನೋಲೀನ್ ಸೇರಿದ ಮೊದಲ ವರ್ಷ ಹೀಗೇ ಮಳೆ ಬಂದು, ಚೀಟಿ ಹಾಕಿ, ಒಂದೇ ಒಂದು ‘ಒದ್ದೆ’ ಬಿದ್ದಿತ್ತು. ಎಲ್ಲರೂ ಅವಳ ಕಡೆ ನೋಡಿದರು, ಮತ್ತೆ ಯಾರ ಕಡೆ ನೋಡುತ್ತಾರೆ? ಅವಳು ಬರೆದದ್ದು ‘ಒಣಗಿದೆ’ ಎಂದೇ. ಮೈಯೆಲ್ಲ ಉರಿದು, ಎಣ್ಣೆ ಒರೆಸುವ ಹಳೇ ಬಟ್ಟೆಗಳ ಚೀಲಕ್ಕೆ ಕೈಹಾಕಿ, ಯಾವುದೋ ಹೆಂಗಸು ತೊಟ್ಟು ಬಿಸಾಕಿದ ಹೂವಿನ ಫ್ರಾಕನ್ನು ಎಳೆದು, ಎದುರಿಗಿದ್ದ ಒಬ್ಬ ಬಡಪಾಯಿಯ ಜಾಗಕ್ಕೆ ಎಸೆದಳು. “ಇಗೋ, ಇವ್ನೇ ಕಣ್ರೋ ನಮ್ಮಲ್ಲಿ ಹೆಂಗಸು!” ಎಂದಳು. ಶೆಡ್ಡು ಹಾರಿಹೋಗುವಂತೆ ನಕ್ಕರು. ಆ ದಿನದಿಂದ ನೋಲೀನ್ ಅವರವಳಾದಳು. ಆ ಮನುಷ್ಯ ಮುಂದಿನ ವರ್ಷ ಬೇರೆ ತಂಡಕ್ಕೆ ಹೋದ. ಫ್ರಾಕು ಮಾತ್ರ ಡೆಸ್ಸನ ಪೆಟ್ಟಿಗೆಯಲ್ಲಿ ಶೆಡ್ಡಿನಿಂದ ಶೆಡ್ಡಿಗೆ ತಿರುಗುತ್ತಾ ಉಳಿಯಿತು. ‘ಒದ್ದೆ’ ಬಿದ್ದಾಗಲೆಲ್ಲ ಯಾರ ಮೇಲೆ ಅನುಮಾನವೋ ಅವನು ಟವೆಲ್ಲು ಹಾಕುವ ಮೊಳೆಗೆ ಅದು ನೇತುಬೀಳುತ್ತಿತ್ತು, ಅವನು ಆ ಶೆಡ್ಡು ಮುಗಿಯುವವರೆಗೂ ‘ಅಮ್ಮಣ್ಣಿ’. ಅಂದಿನಿಂದ ಇಂದಿನವರೆಗೆ ಡೆಸ್ಸನ ತಂಡ ಒಂದು ದಿನವೂ ಒದ್ದೆ ಕುರಿಯೆಂದು ಕೆಲಸ ನಿಲ್ಲಿಸಿಲ್ಲ. ಡೆಸ್ಸನಿಗೆ ಅದಕ್ಕಿಂತ ಇನ್ನೇನು ಬೇಕು?

ಈ ವರ್ಷ ವಿಲ್ಗಾಬಾ ಶೆಡ್ಡಿನಲ್ಲಿ ಒಂದು ದಿನ ಬೆಳಗಿನ ಜಾವ ತಗಡಿನ ಮೇಲೆ ಮಳೆ ಬಡಿಯಿತು. ತಿಂಡಿಯ ಹೊತ್ತಿಗೆ ನಿಂತಿತ್ತು. ಕುರಿಗಳಲ್ಲಿ ಅರ್ಧ ಶೆಡ್ಡಿನ ಕೆಳಗೆ ಬೆಚ್ಚಗಿದ್ದವು, ಅರ್ಧ ಹೊರಗೇ ನೆನೆದಿದ್ದವು. ರಾತ್ರಿ ಎಲ್ಲವೂ ಒಳಗೆ ಬಂದವೇ ಎಂದು ನೋಡದೆ ಯಾರೋ ಬೇಲಿಯ ಗೇಟು ಹಾಕಿದ್ದರಿಂದ ಆದದ್ದು. ಡೆಸ್ ಮಟನ್ ಚಾಪ್ಸಿನ ಎಲುಬು ಚೀಪುತ್ತಾ ಎಲ್ಲರನ್ನೂ ನೋಡಿದ.

“ನಾಳೆ ಮುಂದಿನ ಶೆಡ್ಡಲ್ಲಿರ್ಬೇಕು ನಾವು. ಮಾತು ಕೊಟ್ಟಿದೀನಿ” ಎಂದ. ಅವನ ಕಣ್ಣು ಬ್ರೋಡಿಯ ಮೊಣಕೈಯ ಬ್ಯಾಂಡೇಜಿನ ಮೇಲೆ ನಿಂತಿತು. “ಬಾಲ್ರಾನಾಲ್ಡಲ್ಲಿ ಒಬ್ಬ ಒಳ್ಳೇ ಆಳು ಜಾಗ ಖಾಲಿಯಾಗ್ಲಿ ಅಂತ ಕಾಯ್ತಾ ಕೂತಿದಾನೆ. ಕೈಲಾಗಲ್ಲ ಅನ್ನೋರು ಈಗ್ಲೇ ಹೇಳ್ಬಿಡಿ, ಬೇಜಾರಿಲ್ಲ.”

ಬ್ರೋಡಿ ತಟ್ಟೆ ನೋಡಿಕೊಂಡು ತಿಂದಳು. ಹಿಂದಿನ ಶೆಡ್ಡಿನಲ್ಲಿ ‘ಒಣಗಿದ’ ಕುರಿಗಳನ್ನು ಕತ್ತರಿಸಿ ಅವಳ ಕೈತುಂಬ ಕುರು ಎದ್ದಿದ್ದವು. ಇನ್ನೊಂದು ಸಲ ಹೀಗಾದರೆ ಈ ವರ್ಷ ಮೆಷಿನ್ನು ಮುಟ್ಟುವುದನ್ನು ಮರೆತುಬಿಡು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅದು ನೋಲೀನಳಿಗೆ ಗೊತ್ತು, ಡೆಸ್ಸನಿಗೂ ಗೊತ್ತು.

ಎರಡೆರಡು ಕುರಿ ಕತ್ತರಿಸಿದರು. ಕುರಿಯ ಹೊಟ್ಟೆಯನ್ನು ಮೇಲೆ ಮಾಡಿ ಮೆಷಿನ್ನು ಇಟ್ಟ ಕೂಡಲೇ ನೋಲೀನಳಿಗೆ ತಿಳಿಯಿತು. ಉಣ್ಣೆ ಸರಾಗವಾಗಿ ಬಿಚ್ಚಿಕೊಳ್ಳದೆ ಕೈಗೆ ಅಂಟುತ್ತಿತ್ತು. ಪ್ಯಾಂಟು ತೊಡೆಗೆ ಹತ್ತಿ ತಣ್ಣಗೆ ಕೊರೆಯಿತು. ಕಣ್ಣಿಲ್ಲದವರೂ ಒದ್ದೆ ಎನ್ನಬೇಕು, ಅಂಥ ಒದ್ದೆ. ಎರಡನೆಯ ಕುರಿ ಕಾಲು ಝಾಡಿಸಿದಾಗ ರೂಢಿಯಂತೆ “ಥೂ ಮುಂಡೆ” ಎಂದು, ಉಣ್ಣೆ ತೆಗೆದು, ಅದನ್ನು ಹೊರಗಿನ ಅಂಗಳಕ್ಕಿಳಿಯುವ ಕಿಂಡಿಯಾಚೆ ತಳ್ಳಿದಳು. ಚಹಾದ ಬಾನಿಯ ಹತ್ತಿರ ಅತ್ತೆ ಸೊಸೆ ಇಬ್ಬರೇ ಸಿಕ್ಕರು.

“ಒದ್ದೆ ಅಲ್ವಾ ಅತ್ತೆ?” ಬ್ರೋಡಿ ಮೆಲ್ಲಗೆ ಕೇಳಿದಳು.

“ಕೇಳ್ಬಾರ್ದು, ಹೇಳ್ಬಾರ್ದು. ಚೀಟಿ ಇರೋದು ಯಾಕೆ ಮತ್ತೆ?”

“ನಿನ್ನ ಪ್ಯಾಂಟಿಂದ ನೀರು ಸುರೀತಿದೆ.”

“ಸುರೀಲಿ. ಸಣ್ಣ ಹುಡುಗಿ ಥರ ಗೋಳಾಡ್ಬೇಡ.”

“ನಾನು ಹುಡುಗೀನೇ ಅಲ್ವಾ?”

ನೋಲೀನ್ ನಕ್ಕಳು. ಬ್ರೋಡಿ ನಗಲಿಲ್ಲ. “ತಮಾಷೆಗೆ ಕೇಳ್ಲಿಲ್ಲ ಅತ್ತೆ. ಹೋದ ತಿಂಗಳು ನಾನು ಲೈಲನ ಸಮಸಮ ಕತ್ತರಿಸಿದ ದಿನ ನೀನು ಬೆನ್ನು ತಟ್ಟಿ ಏನಂದೆ ಗೊತ್ತಾ? ‘ಗಂಡಸಾದೆ ಕಣೇ’ ಅಂದೆ. ಜ್ವರ ಬಂದು ಕೂತ ದಿನ ‘ಹೆಂಗಸ್ರ ಹಣೇಬರಾನೇ ಇಷ್ಟು’ ಅಂದೆ. ನಿನ್ನ ಬಾಯಲ್ಲಿ ಒಳ್ಳೇದಕ್ಕೆಲ್ಲ ಮೀಸೆ, ಕೆಟ್ಟದ್ದಕ್ಕೆಲ್ಲ ಲಂಗ.”

“ಓಹೋ, ಮಾತು ಬರತ್ತೆ ಇವಳಿಗೆ!” ನೋಲೀನಳಿಗೆ ಸಿಟ್ಟು ನೆತ್ತಿಗೇರಿತು. “ಈ ಬಾಯಿ ಇಲ್ದೆ ಹೋಗಿದ್ರೆ ನನ್ನನ್ನ ಮೊದಲ್ನೇ ವಾರಾನೇ ಒದ್ದು ಓಡಿಸಿರೋರು. ಈ ಬಾಯಿಂದ್ಲೇ ಕಣೇ ನಿಂಗೆ ಈ ಜಾಗ ಸಿಕ್ಕಿರೋದು.”

“ಸಿಕ್ತು, ಇಲ್ಲ ಅಂದೋರ್ಯಾರು? ಆ ಜಾಗದಲ್ಲಿ ನಿಂತ್ಕೊಂಡು, ನಾನು ಹೆಣ್ಣಾಗಿ ಹುಟ್ಟಿರೋದನ್ನೇ ಬೈಗುಳ ಮಾಡಿ ಕೂಗೋದನ್ನ ದಿನಾ ಕೇಳ್ಬೇಕು. ಲೈಲ್ ಕೂಗಿದ್ರೆ ತಡ್ಕೋತೀನಿ, ಅವನ ಯೋಗ್ಯತೆ ಅಷ್ಟು. ನೀನು ಅವನಿಗಿಂತ ಜೋರಾಗಿ ಕೂಗ್ತೀಯಲ್ಲ?”

ಹುಡುಗಿ ಲೋಟ ಅಲ್ಲೇ ಇಟ್ಟು ಹೋದಳು. ನೋಲೀನ್ ನಿಂತೇ ಇದ್ದಳು. ತಾನೇನು ತಪ್ಪು ಮಾಡಿದೆ? ಬದುಕಿದೆ, ಅಷ್ಟೇ. ಹೊಡೆತ ತನ್ನ ಮೇಲೆ ಬೀಳುವ ಮೊದಲು ಇನ್ನೊಬ್ಬರ ಕಡೆ ತಿರುಗಿಸಿದೆ. ತಿರುಗಿಸಿದ್ದು ಯಾರ ಕಡೆ ಎಂದು ಅವಳು ಇಷ್ಟು ವರ್ಷ ನೋಡಿರಲಿಲ್ಲ. ಸುತ್ತಿ ಬಳಸಿ ಅದು ಬಂದು ಬಿದ್ದದ್ದು ತನ್ನ ಮನೆಯ ಹುಡುಗಿಯ ಮೇಲೆ. ಚಹಾ ಆರಿಹೋಗಿತ್ತು, ಚೆಲ್ಲಿದಳು. ಡೆಸ್ ಕೊಟ್ಟ ಚೀಟಿಯಲ್ಲಿ ಜೀವಮಾನದಲ್ಲೇ ಮೊದಲ ಸಲ ‘ಒದ್ದೆ’ ಎಂದು ಬರೆದು, ನಾಲ್ಕು ಮಡಿಕೆ ಮಡಿಸಿ, ಅರ್ನಿಯ ಹ್ಯಾಟಿಗೆ ಹಾಕಿದಳು. ಅರ್ನಿ ತಂಡದಲ್ಲಿ ಎಲ್ಲರಿಗಿಂತ ಹಿರಿಯ, ಅರವತ್ತರ ಆಳು, ಚೀಟಿ ಯಾವಾಗಲೂ ಅವನ ಹ್ಯಾಟಿನಲ್ಲೇ.

ಡೆಸ್ ಒಂದೊಂದೇ ಬಿಡಿಸಿ ಓದಿದ. ಒಣಗಿದೆ, ಒಣಗಿದೆ, ಒಣಗಿದೆ. ನಡುವೆ ಒಂದು ಒದ್ದೆ. ಉಳಿದದ್ದೆಲ್ಲ ಒಣಗಿದೆ.

“ಆಯ್ತು, ಗಂಟೆ ಹೊಡೀತೀನಿ” ಎಂದ ಡೆಸ್.

“ತಡಿ ತಡಿ. ನಮ್ಮ ಅಮ್ಮಣ್ಣಿ ಯಾರು ಅಂತ ಗೊತ್ತಾಗ್ದೆ ಹೆಂಗೆ ಶುರು ಮಾಡೋದು?” ಎಂದು ಲೈಲ್ ಮುಂದೆ ಬಂದ. ತಂಡದಲ್ಲಿ ಅವನಷ್ಟು ಕುರಿ ಕತ್ತರಿಸುವವರಿಲ್ಲ, ಅದನ್ನು ಅವನು ಯಾರಿಗೂ ಮರೆಯಲು ಬಿಡುವುದಿಲ್ಲ. ಪೆಟ್ಟಿಗೆಯಿಂದ ಫ್ರಾಕು ತೆಗೆದು, ಯೋಚನೆಯನ್ನೂ ಮಾಡದೆ ನೆಟ್ಟಗೆ ಬ್ರೋಡಿಯ ಮೊಳೆಗೆ ನೇತುಹಾಕಿದ. “ತಗೋ ತಾಯಿ. ಈ ಸಲ ಅಳತೇನೂ ಸರಿಯಾಗಿದೆ.”

ಲೈಲನ ಬಾಲ ಹಿಡಿದು ತಿರುಗುವ ಮಾಹೇರ್ ಅಣ್ಣತಮ್ಮಂದಿರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಮುದ್ರದಾಚೆ ನ್ಯೂಜಿಲೆಂಡಿನಿಂದ ಬಂದ ಹೋನೆ ನೆಲ ನೋಡಿದ. ಡೆಸ್ ನಗಲಿಲ್ಲ, ಗಡ್ಡ ಕೆರೆದುಕೊಂಡು ಏನೋ ಲೆಕ್ಕ ಹಾಕುತ್ತಿದ್ದ. ಬಾಲ್ರಾನಾಲ್ಡಿಗೆ ಒಂದು ಫೋನು ಮಾಡಿದರೆ ಸಾಕಲ್ಲ ಎಂಬುದು ಅವನ ಮುಖದಲ್ಲೇ ಇತ್ತು.

“ನಾನು ಒಣಗಿದೆ ಅಂತ ಬರ್ದಿದ್ದು” ಎಂದಳು ಬ್ರೋಡಿ. “ಆಣೆ ಮಾಡಿ ಹೇಳ್ತೀನಿ, ನಾನು ಒಣಗಿದೆ ಅಂತಾನೇ ಬರ್ದೆ.”

ನೋಲೀನ್ ಅವಳ ಬ್ಯಾಂಡೇಜಿನ ಕಡೆ ನೋಡಿದಳು. ಕೈಗೆ ಬಟ್ಟೆ ಸುತ್ತಿಕೊಂಡ ಹುಡುಗಿ, ತನ್ನ ಇಡೀ ವರ್ಷವನ್ನು ಕಳೆದುಕೊಳ್ಳುತ್ತೇನೆಂದು ಗೊತ್ತಿದ್ದೂ, ಒಣಗಿದೆ ಎಂದು ಬರೆದಿದ್ದಳು. ಒಂದು ಹರಕು ಫ್ರಾಕಿಗೆ ಅಂಜಿ ಬರೆದಿದ್ದಳು. ಆ ಅಂಜಿಕೆಯನ್ನು ಈ ಶೆಡ್ಡಿಗೆ ತಂದು ನೆಟ್ಟವಳು ತಾನೇ.

“ಒದ್ದೆ ಅಂದೋಳು ನಾನು” ಎಂದಳು ನೋಲೀನ್.

ಎಲ್ಲರೂ ಗೊಳ್ಳೆಂದರು.

“ಬಿಡೇ ನೋಲೀನ್” ಎಂದ ಲೈಲ್. “ಸೊಸೇನ ಉಳಿಸ್ಕೊಳ್ಳಕ್ಕೆ ಸುಳ್ಳು ಹೇಳ್ಬೇಡ. ನೀನು ಒದ್ದೆ ಅನ್ನೋದಾ? ನಮ್ಮೆಲ್ಲರಿಗಿಂತ ದೊಡ್ಡ ಗಂಡಸು ನೀನು!”

ಈ ಮಾತನ್ನು ಅವಳು ಹಿಂದೆಯೂ ಕೇಳಿದ್ದಳು, ಕೇಳಿದಾಗಲೆಲ್ಲ ಎದೆಯುಬ್ಬಿಸಿ ಎರಡು ಕುರಿ ಹೆಚ್ಚಿಗೇ ಕತ್ತರಿಸಿದ್ದಳು. ಇವತ್ತು ಅದೇ ಮಾತಿಗೆ ಮೈಯೆಲ್ಲ ಉರಿಯಿತು. ನಿಜ ಹೇಳಿದರೂ ನಂಬದಷ್ಟು ಚೆನ್ನಾಗಿ ತನ್ನನ್ನು ತಾನು ಅಳಿಸಿಹಾಕಿಕೊಂಡಿದ್ದಳಲ್ಲ! ಲೈಲನಿಗೆ ಸರಿಯಾಗಿ ಒಂದು ಬಿಗಿಯೋಣವೆಂದು ಬಾಯಿ ತೆರೆದಳು. ಮೊದಲು ನಾಲಿಗೆಗೆ ಬಂದದ್ದು ಲೈಲನ ತಾಯಿ. ಅವಳು ಪಾಪ ಸ್ವಾನ್ ಹಿಲ್ಲಿನಲ್ಲಿ ಚರ್ಚಿನವರಿಗೆ ಕೇಕು ಮಾಡಿಕೊಟ್ಟುಕೊಂಡಿರುವ ಹೆಂಗಸು, ಅವಳೇನು ಮಾಡಿದ್ದಳು? ನುಂಗಿದಳು. ಆಮೇಲೆ ಲೈಲನ ಹೆಂಡತಿ ಬಂದಳು. ಆ ಮನುಷ್ಯನ ಜೊತೆ ಏಗುತ್ತಿರುವುದೇ ಸಾಲದೆ? ಅವಳನ್ನೂ ನುಂಗಿದಳು. ಹೆಣ್ಣಿಗ, ಬಾಣಂತಿ, ಅಜ್ಜಿ, ಮುಂಡೆ, ಒಂದರ ಹಿಂದೊಂದು ಬಂದು ಹಲ್ಲಿನ ಹತ್ತಿರ ನಿಂತವು. ಶೆಡ್ಡಿಗೆಲ್ಲ ಹೆಸರಾದ ಅಷ್ಟು ದೊಡ್ಡ ಬಾಯಿಯಲ್ಲಿ ಹುಡುಕಿದರೆ ಹೆಣ್ಣಿಲ್ಲದ ಒಂದು ಬೈಗುಳ ಇರಲಿಲ್ಲ.

ಕೊನೆಗೆ ಬೈಗುಳವನ್ನೇ ಬಿಟ್ಟಳು.

“ನೀನು ಹೆದರಿದೀಯ, ಲೈಲ್” ಎಂದಳು.

“ಏನಂದೆ?”

“ಹೆದರಿದೀಯ ಅಂದೆ. ಎರಡನೇ ಕುರಿ ಬಿಡುವಾಗ ನಿನ್ನ ಕಾಲು ಚಳಿಗೆ ನಡುಗ್ತಿತ್ತು, ನಾನು ನೋಡ್ದೆ. ಒದ್ದೆ ಅಂತ ಗೊತ್ತಿದ್ದೂ ಒಣಗಿದೆ ಅಂತ ಬರ್ದೆ. ಯಾಕೆ? ಈ ಬಟ್ಟೇಗೆ. ಆರಡಿ ಆಳು ನೀನು, ಒಂದು ಫ್ರಾಕಿಗೆ ಹೆದರ್ತೀಯ. ನಾಚಿಕೆ ಪಡ್ಬೇಡ, ನಾನೂ ಹೆದರಿದ್ದೆ. ನಿನಗಿಂತ ಜಾಸ್ತಿ ಹೆದರಿದ್ದೆ, ಅದಕ್ಕೇ ಇದನ್ನ ಚೀಲದಿಂದ ಎಳ್ದೋಳೇ ನಾನು.”

ಲೈಲನ ಮುಖ ಕೆಂಪಾಯಿತು. ತಾಯಿಯನ್ನು ಬೈದಿದ್ದರೆ ನಕ್ಕುಬಿಡುತ್ತಿದ್ದ, ಇದಕ್ಕೆ ಬಗ್ಗಿ ತನ್ನ ಒದ್ದೆ ಪ್ಯಾಂಟು ನೋಡಿಕೊಂಡ.

ನೋಲೀನ್ ಮೊಳೆಯಿಂದ ಫ್ರಾಕು ತೆಗೆದಳು. ಹಲ್ಲಿನಿಂದ ಅಂಚು ಕಚ್ಚಿ ಪರ್ರನೆ ಹರಿದಳು. ಇನ್ನೊಂದು ಸಲ, ಮತ್ತೊಂದು ಸಲ ಹರಿದು, ಒಂದು ಚೂರಿನಿಂದ ತನ್ನ ಮೆಷಿನ್ನಿನ ಎಣ್ಣೆ ಒರೆಸಿ, ಉಳಿದದ್ದನ್ನು ಚೀಲಕ್ಕೆ ತುಂಬಿದಳು. “ನಾನು ಹೆಂಗಸು” ಎಂದಳು. “ಹುಟ್ಟಿದಾಗ್ಲಿಂದ ಹೆಂಗಸು. ಕುರಿ ಒದ್ದೆಯಾಗಿದೆ. ಒದ್ದೆ ಕುರಿ ನಾನು ಕತ್ತರ್ಸಲ್ಲ.” ಶೆಡ್ಡಿನ ಹಲಗೆ ನೆಲದ ಮೇಲೆ ಕಾಲು ಚಾಚಿ ಕೂತಳು.

“ಏಳು ನೋಲೀನ್” ಡೆಸ್ ಗದರಿದ. “ಚೀಟಿ ಬಿದ್ದಾಯ್ತು. ಏಳಲ್ಲ ಅಂದ್ರೆ ಹಾಸಿಗೆ ಸುತ್ಕೊಂಡು ಹೊರಡು. ಇಪ್ಪತ್ತು ವರ್ಷ ಇದ್ದೆ ಅಂತ ನೋಡಲ್ಲ.”

“ನೋಡ್ಬೇಡ.”

ಬ್ರೋಡಿ “ಅತ್ತೆ, ಬೇಡ” ಎಂದಳು. ನೋಲೀನ್ ಅವಳ ಕಡೆ ತಿರುಗಲಿಲ್ಲ. ಅಷ್ಟರಲ್ಲಿ ಅರ್ನಿ ಹ್ಯಾಟು ಕೊಡವಿ ತಲೆಗಿಟ್ಟುಕೊಂಡು, ನರಳುತ್ತಾ ಬಂದು ನೋಲೀನಳ ಪಕ್ಕದಲ್ಲಿ ಕೂತ.

“ನಿಂಗೇನಯ್ಯ ಬಂತು?” ಎಂದ ಡೆಸ್.

“ಮಂಡಿ ನೋವು. ಈಗಿಂದಲ್ಲ, ತುಂಬಾ ವರ್ಷದಿಂದ ಇದೆ. ಹೇಳಿದ್ರೆ ಇವಳು ಬಾಣಂತಿ ಅಂತಾಳೆ ಅಂತ ಹೇಳಿರ್ಲಿಲ್ಲ.”

ನೋಲೀನಳಿಗೆ ನೆಲ ಬಿರಿಯಬಾರದೇ ಅನ್ನಿಸಿತು. “ಅಂದಿದೀನಿ, ಅರ್ನಿ. ಇನ್ನು ಅನ್ನಲ್ಲ” ಎಂದಳು.

ಇಬ್ಬರು ಕೂತರೆ ಇವತ್ತೇ ಶೆಡ್ಡು ಮುಗಿಯುವುದಿಲ್ಲ, ಅಷ್ಟು ಲೆಕ್ಕ ಡೆಸ್ಸನಿಗೂ ಬರುತ್ತಿತ್ತು. ಆದರೆ ಅವನೂ ಕಿಲಾಡಿ. ಮುಚ್ಚಿದ ಚೀಟಿಯಲ್ಲೇ ಒದ್ದೆ ಎನ್ನಲು ಧೈರ್ಯವಿಲ್ಲದವರು ಎದುರಾಎದುರು ಅಂದಾರೆಯೇ?

“ಆಗ್ಲಿ” ಎಂದ. “ಇನ್ನೊಂದು ಸಲ ಆಗೇಹೋಗ್ಲಿ. ಚೀಟಿಪಾಟಿ ಬೇಡ, ಒಬ್ಬೊಬ್ರೇ ಬಾಯ್ಬಿಟ್ಟು ಹೇಳಿ. ಯಾರಿಗೆ ಮೀಸೆ ಇದೆ ನೋಡೇಬಿಡೋಣ.”

“ಒದ್ದೆ” ಎಂದಳು ನೋಲೀನ್.

“ಒದ್ದೆ ಕಣಪ್ಪಾ” ಎಂದ ಅರ್ನಿ.

“ಒಣಗಿದೆ” ಎಂದ ಲೈಲ್, ಯಾರ ಮುಖವನ್ನೂ ನೋಡದೆ. ಅಣ್ಣ ಮಾಹೇರ್ “ಒಣಗಿದೆ” ಎಂದ. ತಮ್ಮ ಮಾಹೇರ್ ಬಾಯಿ ತೆರೆದು, ಅಣ್ಣನನ್ನು ನೋಡಿ, “ಒಣಗಿದೆ” ಎಂದ. ಅವನ ಬೂಟಿನ ಸುತ್ತ ನೀರು ಮಡುಗಟ್ಟಿತ್ತು.

ಹೋನೆ ಮುಂದೆ ಬಂದ. “ನಮ್ಮಮ್ಮ ಊರಲ್ಲಿ ಮೂವತ್ತು ವರ್ಷ ಶೆಡ್ಡಲ್ಲಿ ಉಣ್ಣೆ ಆರಿಸಿದಾಳೆ” ಎಂದ. “ಇಲ್ಲಿ ಕೂಗೋದನ್ನೆಲ್ಲ ನಾನು ಸುಮ್ನೆ ಕೇಳ್ಕೊಂಡಿದೀನಿ ಅಂತ ಗೊತ್ತಾಗಿದ್ರೆ ನನ್ನ ಕೆನ್ನೆಗೆ ಬಿಡ್ತಿದ್ಲು. ಒದ್ದೆ, ಅಕ್ಕಾ.”

ಉಳಿದದ್ದು ಬ್ರೋಡಿ ಒಬ್ಬಳೇ. ಡೆಸ್ ಅವಳನ್ನೇ ನೋಡಿದ. “ಹೇಳಮ್ಮ. ಬೆಳಿಗ್ಗೆ ನಾನು ಹೇಳಿದ್ದು ನೆನಪಿದೆಯಲ್ಲ?”

ನೋಲೀನಳಿಗೆ ಹೇಳೇ ಎಂದು ಕೂಗಬೇಕು ಅನ್ನಿಸಿತು, ಕಣ್ಣಿನಿಂದಲಾದರೂ ಒಂದು ಸನ್ನೆ ಮಾಡಬೇಕು ಅನ್ನಿಸಿತು. ಮಾಡಲಿಲ್ಲ. ಈ ಹುಡುಗಿಯ ಬಾಯಿಗೆ ಮಾತು ತುರುಕಿದ್ದು ಸಾಕಾಗಿತ್ತು. ಎದುರಿನ ದೊಡ್ಡಿಯಲ್ಲಿ ಸರದಿಗೆ ಕಾಯುತ್ತಾ ನೆನೆದ ಕುರಿಗಳು ಒತ್ತೊತ್ತಾಗಿ ನಿಂತಿದ್ದವು, ಅವುಗಳನ್ನೇ ನೋಡುತ್ತಾ ಕೂತಳು.

“ನೆನಪಿದೆ” ಎಂದಳು ಬ್ರೋಡಿ. ಬ್ಯಾಂಡೇಜು ಸುತ್ತಿದ ಕೈಯನ್ನು ಬೆನ್ನ ಹಿಂದಿನಿಂದ ಮುಂದಕ್ಕೆ ತಂದಳು. “ಬಾಲ್ರಾನಾಲ್ಡಲ್ಲಿ ಕಾಯ್ತಿದಾನಲ್ಲ, ಅವನನ್ನೂ ಕರ್ಸು. ಬಂದು ಈ ಕುರಿ ಮುಟ್ಟಿ ಹೇಳ್ಲಿ. ಒದ್ದೆ!”

ಮೂರು ಕಡೆಯ ತಗಡಿಗೆ ತಾಗಿ ಅವಳ ದನಿ ತಿರುಗಿ ಬಂತು. ಅಷ್ಟು ಗಂಟಲು ಆ ಹುಡುಗಿಗಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಡೆಸ್ ಬೆರಳು ಮಡಿಸಿ ಎಣಿಸಿದ, ಮತ್ತೊಮ್ಮೆ ಎಣಿಸಿದ, ಎಷ್ಟು ಸಲ ಎಣಿಸಿದರೂ ಏಳರಲ್ಲಿ ನಾಲ್ಕು ಒದ್ದೆಯೇ. ಕಟ್ಟಳೆ ಮುರಿದು ಇವರನ್ನು ಹೊರಹಾಕಿದ ಸುದ್ದಿ ಹಬ್ಬಿದರೆ ಈ ಬಯಲಿನಲ್ಲಿ ಅವನ ಹಿಂದೆ ಬರಲು ಒಬ್ಬ ಆಳೂ ಸಿಗುತ್ತಿರಲಿಲ್ಲ. ಇಂಜಿನ್ನು ಆರಿಸಿ, ಬಾಗಿಲನ್ನು ಧಡ್ಡನೆ ಎಳೆದುಕೊಂಡು, ಮುಂದಿನ ಶೆಡ್ಡಿಗೆ ಫೋನು ಮಾಡಲು ಹೋದ.

ಲೈಲ್ ಪ್ಯಾಂಟಿನ ಕಾಲು ಹಿಂಡುತ್ತಾ ಹಲಗೆಯ ತುದಿಯಲ್ಲಿ ಕೂತ. “ಆಯ್ತಲ್ಲ” ಎಂದು ಗೊಣಗಿದ. “ಇನ್ನು ಹೆಂಗಸ್ರ ರಾಜ್ಯ.”

ನೋಲೀನ್ ಸೊಂಟ ಹಿಡಿದುಕೊಂಡು ಎದ್ದಳು. “ಹೌದು ಕಣೋ ಲೈಲ್” ಎಂದಳು. “ಹೋಗು, ಪ್ಯಾಂಟು ಬದಲಾಯಿಸ್ಕೋ. ನಮ್ಮ ರಾಜ್ಯದಲ್ಲಿ ನಿಂಗೂ ಜ್ವರ ಬರಬಾರ್ದು.”